ಆರುನೂರ ಹನ್ನೆರಡು ಜೊತೆ

ಗುರುಬಸಪ್ಪನವರ ಪಾತ್ರೆ-ಮಿಕ್ಸಿ ಅಂಗಡಿಯಲ್ಲಿ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದೆ. ಕೆಲಸ ಇಷ್ಟೇ. ಗಿರಾಕಿ ಒಂದು ಮಿಕ್ಸಿಯ ಮುಂದೆ ನಿಂತರೆ ನಾನೂ ಪಕ್ಕದಲ್ಲಿ ಹೋಗಿ ನಿಂತು, "ಇದು ಮಿಕ್ಸಿ. ಮೂರು ಜಾರು. ವೈರು ಒಂದೂವರೆ ಮೀಟರ್" ಅನ್ನಬೇಕು. ಅವರು ಮುಂದಿನದಕ್ಕೆ ಸರಿದರೆ ನಾನೂ ಸರಿದು, "ಇದೂ ಮಿಕ್ಸಿ. ಇದು ಹಸಿರು" ಅನ್ನಬೇಕು. ಯಾರಾದರೂ "ಎರಡರಲ್ಲಿ ಯಾವುದು ತಗೊಳ್ಳಲಿ?" ಎಂದು ಕೇಳಿದರೆ, ಪಾಪ, ದೂರದಿಂದ ಬಂದವರು ಎಂದು ತಿಳಿದು ಕುಡಿಯಲು ನೀರು ಕೊಡುತ್ತಿದ್ದೆ.

ನಮ್ಮೂರಿನಲ್ಲಿ ಯಾರೂ ಯಾರಿಗೂ ಇದನ್ನು ತಗೊಳ್ಳಿ ಎಂದು ಹೇಳುವುದಿಲ್ಲ. ಹೇಳಿದರೆ, ಆ ವಸ್ತುವಿನಿಂದ ಕೊಂಡವರಿಗೆ ಏನೇನಾಗುತ್ತದೋ ಅದೆಲ್ಲ ಹೇಳಿದವರ ಮೈಗೂ ಆಗುತ್ತದೆ. ನಮ್ಮ ದೊಡ್ಡಪ್ಪ ಪ್ರಾಯದಲ್ಲಿ ಒಬ್ಬರ ಮುಂದೆ ಒಂದು ಕೊಡೆಯನ್ನು ಹೊಗಳಿಬಿಟ್ಟಿದ್ದರು. ಕೊಡೆ ಸೋರಿತು. ಅದನ್ನು ಕೊಂಡವರು ಜಿಪುಣರು, ಎಂಟು ಮಳೆಗಾಲ ಅದನ್ನೇ ಹಿಡಿದರು. ದೊಡ್ಡಪ್ಪ ಮನೆಯೊಳಗೆ ಊಟಕ್ಕೆ ಕೂತಿದ್ದರೂ ಎಡಭುಜ ಒದ್ದೆಯಾಗುತ್ತಿತ್ತು. ದೊಡ್ಡಮ್ಮ ಟವೆಲ್ಲು ತಂದುಕೊಡುತ್ತಿದ್ದರು. ಹೊಟೇಲಿನಲ್ಲಿ ಏನು ಚೆನ್ನಾಗಿದೆ ಎಂದು ಕೇಳಿದರೆ ಸಪ್ಲೈಯರ್ ಇರುವುದನ್ನೆಲ್ಲ ಒಂದೇ ದನಿಯಲ್ಲಿ ಒದರಿ ಗೋಡೆ ನೋಡುತ್ತಾನೆ. ಆಸ್ಪತ್ರೆಗೆ ಬರುವ ಡಾಕ್ಟರುಗಳು ಆರು ತಿಂಗಳಲ್ಲಿ ವರ್ಗ ಮಾಡಿಸಿಕೊಂಡು ಹೋಗುತ್ತಾರೆ. ಇನ್ನು ಮದುವೆಯ ವಿಷಯ. ನನ್ನನ್ನು ನೋಡಲು ಬಂದವರು "ಹುಡುಗ ಇದ್ದಾನೆ" ಎಂದಷ್ಟೇ ಹೇಳಿದ್ದರು. ಮದುವೆಯ ದಿನ ನೋಡಿದರೆ, ಇದ್ದರು.

ಹುಡುಗನ ಹೆಸರು ಮಹಾಲಿಂಗಯ್ಯ. ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಇಪ್ಪತ್ತೆರಡು ವರ್ಷ ನಿಂತೇ ದುಡಿದವರು.

ಆ ವರ್ಷ ದೇಶದಲ್ಲೆಲ್ಲ ಆದದ್ದನ್ನು ಪತ್ರಿಕೆಯವರು ಆರ್ಥಿಕ ಹಿಂಜರಿತ ಎಂದು ಬರೆದರು. ನಮಗೆ ಅದು ಗೊತ್ತಾದದ್ದು ಊರಾಚೆಯ ಜಿಪ್ ಕಾರ್ಖಾನೆಯ ಸೈರನ್ನಿನಿಂದ. ದಿನಕ್ಕೆ ಮೂರು ಸಲ ಕೂಗುತ್ತಿದ್ದದ್ದು ದೀಪಾವಳಿಗೆ ಎರಡಾಯಿತು, ಯುಗಾದಿಗೆ ಒಂದಾಯಿತು. ಕಾರ್ಖಾನೆಗೆ ಹೋಗುವವರಿಲ್ಲದೆ ಬಸ್ಸು ಖಾಲಿ ಓಡಿತು. ಮಾಲೀಕರು ಎರಡು ಬಸ್ಸಿನಲ್ಲಿ ಒಂದನ್ನು ಮಾರಿದರು, ಅದು ನಮ್ಮವರ ಬಸ್ಸು. ಹದಿನೈದು ದಿನಕ್ಕೆ ಗುರುಬಸಪ್ಪನವರೂ ಅಂಗಡಿಯ ಶಟರು ಎಳೆದರು. ಕೊನೆಯ ದಿನ ನನ್ನನ್ನು ಒಳಗೆ ಕರೆದು, "ಸುಭದ್ರಮ್ಮ, ಡಬ್ಬ ಇಲ್ಲದ ಡೆಮೊ ಪೀಸುಗಳು ಒಂಬತ್ತಿವೆ. ತಗೊಂಡ್ ಹೋಗಿ ಅನ್ನಲ್ಲ. ಇವೆ" ಎಂದು ಹೇಳಿ ಆ ಕಡೆ ತಿರುಗಿ ನಿಂತರು. ನಾನು ಆಟೋ ಕರೆದು ಒಂಬತ್ತನ್ನೂ ಮನೆಗೆ ತಂದೆ.

ಮನೆಯಲ್ಲಿ ನಮ್ಮವರಿಗೆ ಕೂರಲು ಬರುತ್ತಿರಲಿಲ್ಲ. ಕುರ್ಚಿ ಕೊಟ್ಟರೆ ಎರಡು ನಿಮಿಷ ಕೂತು ಎದ್ದುಬಿಡುವರು. ಬೆಳಿಗ್ಗೆ ಪಡಸಾಲೆಯ ಕಿಟಕಿಯ ಸರಳು ಹಿಡಿದು ನಿಂತರೆ ಮಧ್ಯಾಹ್ನದವರೆಗೂ ಅಲ್ಲೇ, ಮೆಲ್ಲಗೆ ಹಿಂದೆ ಮುಂದೆ ವಾಲುತ್ತ. ರಸ್ತೆಯಲ್ಲಿ ಗಾಡಿ ಬ್ರೇಕು ಹಾಕಿದ ಸದ್ದಾದರೆ ತಾವೂ ಒಂದು ಹೆಜ್ಜೆ ಮುಂದಿಡುವರು.

ದಾರಿ ತೋರಿಸಿದವಳು ನನ್ನ ನಾದಿನಿ ನೀಲಾಂಬಿಕೆ. ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಅವಳದೊಂದು ಟೈಪಿಂಗ್ ಕ್ಲಾಸು. ಕಂಪ್ಯೂಟರು ಆರು, ಕಲಿಯುವವರು ನಾಲ್ಕು ಮಂದಿ ಉಳಿದಿದ್ದರು. ಒಂದು ದಿನ ಕೆಳಗಿಳಿದು ಬಂದು, ಸಾಲಾಗಿಟ್ಟಿದ್ದ ಒಂಬತ್ತು ಡೆಮೊ ಪೀಸುಗಳನ್ನು ನೋಡಿ, "ಅತ್ತಿಗೆ, ಅಂಗಡೀಲಿ ಹೇಳ್ತಿದ್ರಲ್ಲ, ಅದನ್ನೇ ಬರೀರಿ. ನಾನು ವೆಬ್‌ಸೈಟ್ ಮಾಡ್ತೀನಿ. ಪಕ್ಕದಲ್ಲಿ ಜಾಹೀರಾತು ಹಾಕಿದ್ರೆ ದುಡ್ಡು ಬರುತ್ತೆ" ಎಂದಳು.

"ಯಾರು ಓದ್ತಾರೆ? ಇದು ಹಸಿರು ಅಂತ ಬರೀಲಾ?"

"ಹಸಿರಿದ್ರೆ ಹಸಿರು ಅಂತ ಬರೀರಿ. ಹೊರಗಡೆ ಹಂಗೆ ಯಾರೂ ಬರೀತಿಲ್ಲ."

ಅವಳು ಹೇಳಿದ್ದು ಸರಿ. ಹೊರಗಿನ ವೆಬ್‌ಸೈಟುಗಳನ್ನು ಓದಿ ನೋಡಿದೆ. ಅವರಿಗೆ ಎಲ್ಲ ಮಿಕ್ಸಿಯೂ ಅದ್ಭುತ, ಎಲ್ಲ ಇಸ್ತ್ರಿಪೆಟ್ಟಿಗೆಯೂ ಅದ್ಭುತ. ಅಷ್ಟೊಂದು ಜನ ಅಷ್ಟು ಧೈರ್ಯವಾಗಿ ತಗೊಳ್ಳಿ ತಗೊಳ್ಳಿ ಅನ್ನುವುದನ್ನು ಓದುತ್ತ, ಅವರ ಮೈಗೆ ಏನೇನಾಗಿರಬಹುದೆಂದು ಲೆಕ್ಕ ಹಾಕಿದೆ. ನೀಲಾ ನಮ್ಮ ವೆಬ್‌ಸೈಟಿಗೆ "ಇದು ಹೀಗಿದೆ" ಎಂದು ಹೆಸರಿಟ್ಟಳು. ಮೊದಲ ಬರಹ ಮಿಕ್ಸಿಯದು. "ಈ ಮಿಕ್ಸಿ ತಿರುಗುವಾಗ ಪಕ್ಕದ ಮನೆಯವರು ಏನಾಯಿತೆಂದು ಕೇಳಲು ಬರುತ್ತಾರೆ. ಕಾಯಿಚಟ್ನಿಗೆ ಎರಡು ನಿಮಿಷ ಸಾಕು. ಮುಚ್ಚಳವನ್ನು ಎಡಗೈಯಲ್ಲಿ ಒತ್ತಿ ಹಿಡಿದಿರಬೇಕು. ಫೋನು ಬಂದರೆ ಎತ್ತಲಾಗುವುದಿಲ್ಲ. ಇಪ್ಪತ್ತೊಂದು ದಿನ ಬಳಸಿದ್ದೇನೆ." ಇಪ್ಪತ್ತೊಂದು ದಿನ ಎನ್ನುವುದು ನಾನೇ ಹಾಕಿಕೊಂಡ ಕಟ್ಟು. ಅಷ್ಟು ದಿನ ಬಳಸದೆ ಒಂದಕ್ಷರವೂ ಬರೆಯುವುದಿಲ್ಲ. ಒಂಬತ್ತು ವಸ್ತು ಮುಗಿದ ಮೇಲೆ ಅಕ್ಕಪಕ್ಕದ ಮನೆಗಳಿಂದ ಕೇಳಿ ತಂದು ಬಳಸಿ ಬರೆದೆ.

ಜನ ಬಂದರು. ಕೈಯಲ್ಲಿ ದುಡ್ಡಿಲ್ಲದ ಕಾಲದಲ್ಲಿ ಒಂದು ತವಾ ಕೊಳ್ಳುವುದಕ್ಕೂ ಹತ್ತು ಸಲ ಯೋಚಿಸುತ್ತಾರಲ್ಲ, ಹಾಗೆ ಯೋಚಿಸುವವರೆಲ್ಲ ನಮ್ಮಲ್ಲಿಗೆ ಬಂದರು. ಜಾಹೀರಾತುಗಳು ಪುಟದ ಬಲಗಡೆ ಒಂದು, ಕೆಳಗೊಂದು ತಾವಾಗಿಯೇ ಬಂದು ಕೂತವು. ಅವುಗಳಿಂದ ಮೈಗೇನಾದರೂ ಆಗುತ್ತದೋ ಎಂದು ನೀಲಾ ಮತ್ತು ನಾನು ಒಂದು ವಾರ ಎದುರುಬದುರು ಕೂತು ಕಾದೆವು. ಏನೂ ಆಗಲಿಲ್ಲ. ಜಾಹೀರಾತು ಯಾರ ಮಾತೂ ಅಲ್ಲ ಎಂದು ಗೊತ್ತಾಯಿತು. ಐದನೆಯ ತಿಂಗಳು ಮೊದಲ ದುಡ್ಡು ಬಂದಾಗ ಗ್ಯಾಸ್ ಸಿಲಿಂಡರ್ ತರಿಸಿ, ಮೂವರೂ ಅಡುಗೆಮನೆ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.

ಆಮೇಲೆ ವಿಚಿತ್ರ ಶುರುವಾಯಿತು. ಓದುವವರು ಮೂರು ಪಟ್ಟಾದರು, ದುಡ್ಡು ಅರ್ಧವಾಯಿತು. ಯಾಕೆ ಎಂದು ಕೇಳಿದರೆ ನೀಲಾ, "ಕಂಪನಿಗಳ ಹತ್ರಾನೂ ದುಡ್ಡಿಲ್ಲ ಅತ್ತಿಗೆ. ಜಾಹೀರಾತಿಗೆ ಕೊಡೋದನ್ನ ಮೊದಲು ಕಡಿಮೆ ಮಾಡ್ತಾರೆ" ಎಂದಳು. ಹಿಂಜರಿತ ಓದುಗರನ್ನು ತಂದುಕೊಟ್ಟು, ಅದೇ ಕೈಯಿಂದ ದುಡ್ಡು ತೆಗೆದುಕೊಂಡು ಹೋಗಿತ್ತು. ಮೂರನೆಯ ದಿನ ಅವಳೇ ಬಂದು ಹೇಳಿದಳು: "ಇನ್ನೊಂದು ದಾರಿ ಇದೆ. ಬರಹದ ಕೆಳಗೆ ಒಂದು ಲಿಂಕ್ ಹಾಕೋದು. ಅದನ್ನ ಒತ್ತಿ ಯಾರಾದ್ರೂ ಆ ವಸ್ತು ಕೊಂಡ್ರೆ ಆನ್‌ಲೈನ್ ಅಂಗಡಿಯವರು ನಮಗೆ ಕಮಿಷನ್ ಕೊಡ್ತಾರೆ."

"ಲಿಂಕ್ ಮೇಲೆ ಏನಂತ ಬರೆದಿರುತ್ತೆ?"

"ಇಲ್ಲಿ ಕೊಳ್ಳಿ ಅಂತ" ಎಂದಳು.

ಕಿಟಕಿಯ ಹತ್ತಿರ ನಿಂತಿದ್ದ ನಮ್ಮವರು ವಾಲುವುದನ್ನು ನಿಲ್ಲಿಸಿದರು.

ಇಸ್ತ್ರಿಪೆಟ್ಟಿಗೆಯ ಕೆಳಗೆ ಹಾಕಿ ನೋಡೋಣ ಎಂದಾಯಿತು. ಅದರ ಗುಣ ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕನೆಯ ದಿನ ಒಂದು ಮಾರಾಟವಾಯಿತು. ಅದರ ಮರುವಾರ, ಬೆಳಿಗ್ಗೆ ಎಂಟೂಕಾಲಿಗೆ, ಅಕ್ಕಿ ಆರಿಸುತ್ತಿದ್ದಾಗ ಬಲ ಅಂಗೈ ಹಿತವಾಗಿ ಬೆಚ್ಚಗಾಯಿತು. ಐದು ನಿಮಿಷ ಹಾಗೇ ಇತ್ತು. ಯಾರೋ ಆಫೀಸಿಗೆ ಹೊರಟಿದ್ದರು. ಲಿಂಕೂ ಮಾತೇ ಎಂದು ಖಾತ್ರಿಯಾಯಿತು. ಸುಖವಿದ್ದರೆ ಸುಖವೂ ಬರುತ್ತದೆ ಎನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಳ್ಳೆಯದಿರಬಹುದು ಎಂದು ನಂಬಿ ಹೇಳಿದವರು ನಮ್ಮೂರಿನಲ್ಲಿ ಯಾರೂ ಇರಲಿಲ್ಲ.

ಹುಷಾರಾಗಿ ನಡೆಸಿದೆವು. ಐವತ್ತರವತ್ತು ಬರಹಗಳಲ್ಲಿ ಹನ್ನೊಂದಕ್ಕೆ ಮಾತ್ರ ಲಿಂಕು. ಒಂದು ಬಗೆಯ ತಲೆದಿಂಬು ಇನ್ನೂರು ಮಾರಿತು. ನನ್ನ ಕುತ್ತಿಗೆ ಹದಿನೆಂಟರ ಹುಡುಗಿಯದರಂತಾಯಿತು. ಒಂದು ಕುಕ್ಕರಿನ ಹಿಡಿ ಮೂರು ತಿಂಗಳಿಗೆ ಸಡಿಲವಾಗುತ್ತದೆ ಎಂದು ನನಗೆ ತಿಳಿದದ್ದು ಎರಡು ಬೆರಳು ಸುಟ್ಟ ಮೇಲೆ. ಅದೇ ದಿನ ಲಿಂಕು ತೆಗೆದು, ಸ್ಕ್ರೂ ಬಿಗಿ ಮಾಡಿಕೊಳ್ಳುವುದು ಹೇಗೆ ಎಂದು ಬರೆದೆ. ನಿಧಾನವಾಗಿ ಬೆರಳು ವಾಸಿಯಾಯಿತು. ಒಬ್ಬರಿಗೆ ಆದದ್ದೂ ನೂರು ಜನಕ್ಕೆ ಆದದ್ದೂ ಉರಿಯಲ್ಲಿ ಒಂದೇ ಅಳತೆ. ಆದರೆ ನೂರು ಜನರಿದ್ದರೆ ಬಿಡುವಿರುವುದಿಲ್ಲ. ಒಬ್ಬರು ಒಲೆ ಆರಿಸಿದರೆ ಇನ್ನೊಬ್ಬರು ಹಚ್ಚುತ್ತಾರೆ. ಜಾಹೀರಾತಿನದೂ ಕಮಿಷನ್ನಿನದೂ ಸೇರಿ ಮನೆಬಾಡಿಗೆ, ದಿನಸಿ, ನೀಲಾಳ ಕ್ಲಾಸಿನ ಕರೆಂಟು ಇಷ್ಟು ನಡೆಯುತ್ತಿತ್ತು. ಫೋಟೊ ತೆಗೆದು ವೆಬ್‌ಸೈಟಿಗೆ ಹಾಕುವುದು, ಪಾರ್ಸೆಲ್ಲು ಬಿಚ್ಚುವುದು ನಮ್ಮವರ ಕೆಲಸ. ಅವರು ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದರು. ಆದರೆ ಪಾರ್ಸೆಲ್ಲು ವಾರಕ್ಕೆ ಎರಡು. ಉಳಿದ ಹೊತ್ತೆಲ್ಲ ಕಿಟಕಿ.

ಅಂಥ ಒಂದು ಪಾರ್ಸೆಲ್ಲಿನಲ್ಲಿ ಬೂಟು ಬಂತು. ಸ್ಥಿರಪಾದ ಎಂಬ ಕಂಪನಿಯವರು ಕಳಿಸಿದ್ದು. ಇಡೀ ದಿನ ನಿಂತು ಕೆಲಸ ಮಾಡುವವರಿಗೆ, ಬೆಲೆ ಕಡಿಮೆ, ಕಪ್ಪು ಬಣ್ಣ. ಈ ತಿಂಗಳೊಳಗೆ ಬರೆದು ಲಿಂಕು ಹಾಕಿದರೆ ಮೂರು ಪಟ್ಟು ಕಮಿಷನ್ ಎಂದು ಪತ್ರದಲ್ಲಿತ್ತು. ತಿಂಗಳು ಮುಗಿಯಲು ಒಂಬತ್ತು ದಿನ ಬಾಕಿ. ಇಪ್ಪತ್ತೊಂದು ದಿನ ಆಗದೆ ಬರೆಯುವುದಿಲ್ಲ ಎಂದು ನಾನು ಅವರಿಗೆ ಉತ್ತರ ಬರೆದು, ಬೂಟನ್ನು ನಮ್ಮವರಿಗೆ ಕೊಟ್ಟೆ. ಅಳತೆ ಅವರದೇ ಇತ್ತು. ಹಾಕಿಕೊಂಡು ಕಿಟಕಿಯ ಹತ್ತಿರ ನಿಂತರು.

ಸಂಜೆ, "ಹೆಂಗಿದೆ ರೀ?" ಎಂದು ಕೇಳಿದೆ.

"ಇದು ಬೂಟು," ಎಂದರು. ಆಮೇಲೆ ಯಾರಿಗೂ ಅಲ್ಲವೆಂಬಂತೆ, "ಆಗ ಇದ್ದಿದ್ರೆ ಹಿಮ್ಮಡಿ ಒಡೀತಿರ್ಲಿಲ್ಲ" ಎಂದರು.

ಅವರು ಮಾಡಿದ್ದು ನನಗೆ ಗೊತ್ತಾದದ್ದು ತಿಂಗಳು ಮುಗಿದ ಮೇಲೆ. ಅಷ್ಟು ಹೊತ್ತಿಗೆ ನಮ್ಮವರು ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟು, ಮತ್ತೆ ಮೇಲೆತ್ತಿಕೊಂಡು ಕೂತಿದ್ದರು. ಬೂಟು ಬಿಚ್ಚಿ ವಾರವಾಗಿತ್ತು. ನಾಲ್ಕನೆಯ ದಿನಕ್ಕೇ ಅಟ್ಟೆ ಕುಸಿದು ಒಳಗಿನ ಹೊಲಿಗೆ ಅಂಗಾಲಿಗೆ ಒತ್ತುತ್ತದೆ ಎಂದು ಮೂಲೆಗಿಟ್ಟಿದ್ದರು. ಆದರೂ ಪಾದ ಕೆಂಪಗೆ ಊದಿತ್ತು. ಮುಟ್ಟಿದರೆ ಹಲ್ಲು ಕಚ್ಚುವರು. ನೀಲಾ ಮೇಲಿನಿಂದ ಓಡಿ ಬಂದು, ಅಣ್ಣನ ಕಾಲು ನೋಡಿ, ನನ್ನ ಮುಖ ನೋಡಿ, ಲ್ಯಾಪ್‌ಟಾಪನ್ನು ನನ್ನ ಮಡಿಲಲ್ಲಿಟ್ಟಳು.

ನಮ್ಮ ವೆಬ್‌ಸೈಟಿನಲ್ಲಿ ಅವರು ತಮ್ಮ ಹೆಸರಿನಲ್ಲೇ ಬರೆದಿದ್ದರು. ಪಾರ್ಸೆಲ್ಲು ಬಂದ ಮೂರನೆಯ ದಿನ ಬರೆದದ್ದು. "ನಾನು ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ನಿಂತವನು. ಬಸ್ಸು ಓಡುವಾಗ ನಿಲ್ಲುವುದು ಬೇರೆ, ನೆಲದ ಮೇಲೆ ನಿಲ್ಲುವುದು ಬೇರೆ. ಓಡುವಾಗ ಹೆಬ್ಬೆರಳಿನಿಂದ ನೆಲವನ್ನು ಹಿಡಿದುಕೊಂಡಿರಬೇಕು. ಸಂಜೆ ಮನೆಗೆ ಬಂದು ಬಿಸಿನೀರಿನಲ್ಲಿ ಕಾಲಿಟ್ಟಾಗ ಹೆಬ್ಬೆರಳು ಇನ್ನೂ ಹಿಡಿದೇ ಇರುತ್ತದೆ. ಈಗ ಕೆಲಸ ಹೋದವರು ಬಹಳ ಜನ ಬಾಗಿಲು ಕಾಯುವ ಕೆಲಸಕ್ಕೆ ಸೇರುತ್ತಿದ್ದಾರೆ ಎಂದು ಕೇಳಿದೆ. ನಿಮಗೆ ನಿಂತು ಅಭ್ಯಾಸವಿರುವುದಿಲ್ಲ. ಈ ಬೂಟು ತಗೊಳ್ಳಿ. ನಾನು ಹೇಳುತ್ತಿದ್ದೇನೆ." ಕೆಳಗೆ ಲಿಂಕು.

ಅದು ನಮ್ಮ ವೆಬ್‌ಸೈಟಿನಲ್ಲಿ ಬಂದ ಎಲ್ಲ ಬರಹಕ್ಕಿಂತ ಚೆನ್ನಾಗಿತ್ತು. ಆರುನೂರ ಹನ್ನೆರಡು ಜೊತೆ ಮಾರಿತ್ತು.

"ಯಾಕ್ರೀ ಹಿಂಗ್ ಮಾಡಿದ್ರಿ?" ಎಂದೆ. ಸಿಟ್ಟಿನಲ್ಲಿ ಹೇಳಬೇಕೆಂದುಕೊಂಡಿದ್ದೆ, ದನಿ ಬೇರೆಯಾಗಿ ಬಂತು.

"ಎರಡು ದಿನ ಹಾಕ್ಕೊಂಡಿದ್ದೆ. ಚೆನ್ನಾಗಿತ್ತು ಸುಭದ್ರಾ. ನಿಜವಾಗ್ಲೂ ಚೆನ್ನಾಗಿತ್ತು." ಊದಿದ ಕಾಲನ್ನು ನೋಡುತ್ತ ಹೇಳಿದರು. "ನಿನ್ ಮೈಮೇಲೆ ಮನೆ ನಡೀತಿದೆ. ಬೆರಳು ಸುಟ್ಕೊಂಡಿದ್ದು ನೀನು. ನನ್ ಕಾಲು ಸುಮ್ನೆ ಬಿದ್ದಿತ್ತು."

ನೀಲಾ ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಂಡಳು. ಆಮೇಲೆ ವ್ಯವಹಾರದ ದನಿಯಲ್ಲಿ, "ಬರೋ ಕಮಿಷನ್ನು ಎಂಟು ತಿಂಗಳ ಖರ್ಚಿಗಾಗುತ್ತೆ. ಮುಂದಿನ ತಿಂಗಳು ಹತ್ತಕ್ಕೆ ಬರುತ್ತೆ" ಎಂದಳು.

ಆರುನೂರ ಹನ್ನೆರಡು ಜನ ಪಾಳಿಯ ಮೇಲೆ ನಿಲ್ಲುತ್ತಿದ್ದರು. ಹಗಲು ನಿಂತವರು ಮನೆಗೆ ಹೋದರೆ ರಾತ್ರಿಯವರು ಬಂದು ನಿಲ್ಲುತ್ತಿದ್ದರು. ನಮ್ಮವರಿಗೆ ನಿದ್ದೆ ಎನ್ನುವುದು ಇಲ್ಲವಾಯಿತು. ಡಾಕ್ಟರು ಬಂದು ಪಾದ ಒತ್ತಿ ನೋಡಿ, "ಊತ ಇದೆ" ಎಂದರು. ಔಷಧಿ ಕೇಳಿದೆವು. ಯಾವ್ಯಾವ ಮುಲಾಮು ಇವೆ ಎಂದು ಹೆಸರು ಹೇಳಿ, ಫೀಸು ತೆಗೆದುಕೊಳ್ಳದೆ ಹೋದರು.

ಲಿಂಕು ತೆಗೆದರೆ ಸಾಲದು. ಕೊಂಡಾಗಿದೆ. ಕೊಂಡವರು ಕಾಲಿನಿಂದ ತೆಗೆಯಬೇಕು. ಅವರು ಯಾರೆಂದು ನಮಗೆ ಗೊತ್ತಿಲ್ಲ. ಆನ್‌ಲೈನ್ ಅಂಗಡಿಯವರು ಎಷ್ಟು ಮಾರಿತು ಎಂದು ಹೇಳುತ್ತಾರೆ, ಯಾರಿಗೆ ಎಂದು ಹೇಳುವುದಿಲ್ಲ. ಉಳಿದ ದಾರಿ ಒಂದೇ. ಬೂಟು ವಾಪಸು ಮಾಡಿ ಎಂದು ನಾವೇ ಬರೆಯಬೇಕು. ವಾಪಸಾದ ಪ್ರತಿ ಜೊತೆಯ ಕಮಿಷನ್ನು ಹೋಗುತ್ತದೆ. ಒಂದು ಕಂಪನಿಯ ಮಾಲನ್ನು ವಾಪಸು ಮಾಡಿಸುವ ವೆಬ್‌ಸೈಟಿಗೆ ಮುಂದೆ ಯಾರೂ ಲಿಂಕು ಕೊಡುವುದಿಲ್ಲ. ದಿಂಬು, ಇಸ್ತ್ರಿಪೆಟ್ಟಿಗೆ, ಎಲ್ಲ ಹೋಗುತ್ತದೆ. ನೀಲಾ ಇದನ್ನೆಲ್ಲ ನನಗೆ ಎರಡೆರಡು ಸಲ ಹೇಳಿದಳು, ನಾನು ಕೇಳಿಸಿಕೊಂಡಿದ್ದೇನೆ ಎಂದು ಗೊತ್ತಾಗುವವರೆಗೆ.

"ನಿಂಗೇನ್ ಅನ್ಸುತ್ತೆ?" ಎಂದು ಕೇಳಿದೆ.

ಅವಳು ಹುಟ್ಟಿ ಬೆಳೆದದ್ದು ನಮ್ಮೂರಿನಲ್ಲೇ. "ಎರಡು ದಾರಿ ಇದೆ ಅತ್ತಿಗೆ," ಎಂದಳು. "ಒಂದು ಬರೆಯೋದು. ಇನ್ನೊಂದು ಬರೆಯದೆ ಇರೋದು."

ಒಳಗಿನಿಂದ ನಮ್ಮವರು, "ಬರೀಬೇಡಿ, ನಂಗೇನೂ ಆಗಿಲ್ಲ" ಎಂದು ಕೂಗಿದರು. ಕೂಗುವಾಗಲೇ ಯಾರೋ ಎಲ್ಲೋ ಮೆಟ್ಟಿಲು ಹತ್ತಿರಬೇಕು, ಮಾತು ಮಧ್ಯದಲ್ಲಿ ಮುರಿಯಿತು.

ಬರೆದೆ. "ಇದು ಬೂಟು. ನಾಲ್ಕನೆಯ ದಿನ ಅಟ್ಟೆ ಕುಸಿಯುತ್ತದೆ. ಒಳಹೊಲಿಗೆ ಅಂಗಾಲಿನ ನಡುವೆ ಒತ್ತುತ್ತದೆ. ಬರೆದವರು ಎರಡೇ ದಿನ ಹಾಕಿಕೊಂಡು ಬರೆದರು. ಅವರು ನನ್ನ ಯಜಮಾನರು. ನೀವು ಇದನ್ನು ವಾಪಸು ಮಾಡಿ. ಆಗದಿದ್ದರೆ ಹಾಕಿಕೊಳ್ಳಬೇಡಿ. ವಾಪಸು ತೆಗೆದುಕೊಳ್ಳದಿದ್ದರೆ ಈ ನಂಬರಿಗೆ ಫೋನು ಮಾಡಿ." ವಾಪಸು ಮಾಡಿ ಎಂದು ಹೇಳುವುದೂ ಒಂದು ಶಿಫಾರಸೇ ಅಲ್ಲವೇ ಎಂದು ಪ್ರಕಟಿಸುವ ಮುಂಚೆ ಒಂದು ಕ್ಷಣ ಅಂಜಿಕೆಯಾಯಿತು. ಆಮೇಲಿನ ದಿನಗಳಲ್ಲಿ ನನಗೆ ಆಗಾಗ ಕಾರಣವಿಲ್ಲದೆ ಹಗುರವಾದಂತಾಗುತ್ತಿತ್ತು, ಜೊತೆಗೆ ಕೊರಿಯರ್ ಆಫೀಸಿನ ಸರದಿಯಲ್ಲಿ ನಿಂತಂತೆ ಸೊಂಟ ಹಿಡಿಯುತ್ತಿತ್ತು. ಅಷ್ಟೇ.

ಆ ಪುಟವನ್ನು ಓದಿದಷ್ಟು ಜನ ಬೇರೆ ಯಾವ ಪುಟವನ್ನೂ ಓದಲಿಲ್ಲ. ಅದರ ಬಲಗಡೆ ಜಾಹೀರಾತು ತಾನಾಗಿಯೇ ಬಂದು ಕೂತಿತು. ಸ್ಥಿರಪಾದ ಬೂಟಿನ ಜಾಹೀರಾತು. ಅದರಿಂದಲೂ ಸ್ವಲ್ಪ ದುಡ್ಡು ಬಂತು.

ಆನ್‌ಲೈನ್ ಅಂಗಡಿಯವರು ಹನ್ನೆರಡನೆಯ ದಿನ ನಮ್ಮ ಖಾತೆ ಮುಚ್ಚಿದರು. ಎರಡು ಸಾಲಿನ ಪತ್ರ, ಬಹಳ ಮರ್ಯಾದೆಯಿಂದ ಬರೆದಿದ್ದರು. ಎಂಟು ತಿಂಗಳ ಖರ್ಚು ಎಂದಿದ್ದ ಕಮಿಷನ್ನಿನಲ್ಲಿ ಬಿಡಿಗಾಸೂ ಬರಲಿಲ್ಲ. ಇತ್ತ ಬೂಟುಗಳು ಒಂದೊಂದಾಗಿ ಕಾಲಿನಿಂದ ಇಳಿದವು. ಮೂರು ವಾರಕ್ಕೆ ನಮ್ಮವರು ಗೋಡೆ ಹಿಡಿದು ಬಚ್ಚಲಿಗೆ ಹೋದರು. ಐದು ವಾರಕ್ಕೆ ರಾತ್ರಿ ಪೂರ್ತಿ ಮಲಗಿದರು. ಎರಡು ತಿಂಗಳಾದ ಮೇಲೆ ಉಳಿದದ್ದು ಒಂದೇ ನೋವು. ಬೆಳಿಗ್ಗೆ ಒಂಬತ್ತೂವರೆಗೆ ಶುರು, ರಾತ್ರಿ ಎಂಟಕ್ಕೆ ಮುಕ್ತಾಯ. ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಮಂಗಳವಾರ ರಜಾ.

"ಜವಳಿ ಅಂಗಡಿ," ಎಂದರು ನಮ್ಮವರು. "ಮಂಗಳವಾರ ರಜಾ ಅಂದ್ರೆ ಜವಳಿ ಅಂಗಡಿ ಸಾಲು." ಬಸ್ಸಿನಲ್ಲಿದ್ದಾಗ ಯಾವ ಊರಿನ ಯಾವ ಬೀದಿ ಯಾವ ದಿನ ಮುಚ್ಚುತ್ತದೆ ಎಂದು ಅವರಿಗೆ ಬಾಯಿಪಾಠವಿತ್ತು.

ನಂಬರಿಗೆ ಫೋನು ಮಾಡಿದವರಲ್ಲಿ ಅಂಥವರೊಬ್ಬರಿದ್ದರು. ಹೆಸರು ದ್ಯಾವಮ್ಮ. ದೂರದ ಪೇಟೆಯೊಂದರಲ್ಲಿ ದೊಡ್ಡ ಸೀರೆ ಅಂಗಡಿಯ ಬಾಗಿಲಲ್ಲಿ ನಿಂತು ಬಂದವರಿಗೆ ಬಾಗಿಲು ತೆಗೆಯುವ ಕೆಲಸ. ಮೊದಲು ಪ್ಯಾಕಿಂಗ್ ಕೆಲಸದಲ್ಲಿದ್ದು, ಅದು ಹೋಗಿ ಇದಕ್ಕೆ ಸೇರಿದ್ದರು. ಅವರು ಆಗ ಹೇಳಿದ್ದನ್ನು ನೀಲಾ ಬರೆದಿಟ್ಟುಕೊಂಡಿದ್ದಳು: ಪಕ್ಕದ ಮನೆಯವರ ಮೊಬೈಲಿನಲ್ಲಿ ತರಿಸಿದ್ದು, ಡಬ್ಬ ಬಿಸಾಕಿಯಾಗಿದೆ, ವಾಪಸು ತಗೊಳ್ಳುತ್ತಿಲ್ಲ. ನಾನೇ ಫೋನು ಮಾಡಿದೆ. ಒಂದು ಜೊತೆ ಕೊಂಡು ಕಳಿಸೋಣವೆಂದರೆ, ಯಾವ ಬೂಟೆಂದು ಆರಿಸುವುದು? ಕಳಿಸಿದರೆ ಅದೂ ಹೇಳಿದಂತೆಯೇ. ಹಾಗಾಗಿ ದುಡ್ಡು ಕಳಿಸಿ, "ನಿಮ್ಮ ಕಾಲಿಗೆ ಹಿಡಿಸಿದ್ದು ನೀವೇ ನೋಡಿ ತಗೊಳ್ಳಿ" ಎಂದೆ.

"ಆಗ್ಲಿ ತಾಯಿ, ನಾಳೆನೇ ತಗೊಂತೀನಿ," ಎಂದರು ದ್ಯಾವಮ್ಮ.

ಮರುದಿನ ಒಂಬತ್ತೂವರೆಗೆ ನಮ್ಮವರು ಅಂಗಾಲು ಎತ್ತಿಕೊಂಡರು. ಅದರ ಮರುದಿನವೂ. ವಾರ ಬಿಟ್ಟು ಮತ್ತೆ ಫೋನು ಮಾಡಿದರೆ ಆ ಹೆಂಗಸು ಸುಳ್ಳು ಹೇಳಲಿಲ್ಲ. "ನಿಮ್ ದುಡ್ಡಿಗೆ ಅಕ್ಕಿ ತಂದೆ ಕಣ್ ತಾಯಿ. ಬೂಟು ನೋವಾಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಕಪ್ಪು ಬೂಟಿಲ್ದೆ ಒಳಗ್ ಬಿಡಲ್ಲ, ಇದು ಕಪ್ಪಗಿದೆ. ನಿಮಗ್ಯಾಕ್ ಅಷ್ಟು ಸಂಕಟ? ನೋಯೋದು ನನ್ ಕಾಲಲ್ವಾ?"

ಫೋನಿಟ್ಟು, ಎರಡನೆಯ ಸಲವೂ ಕಳಿಸೋಣ ಎಂದೆ. ನಮ್ಮವರು ಬೇಡ ಎಂದು ಕೈಯಾಡಿಸಿದರು. "ಅಕ್ಕಿನೇ ತರ್ತಾಳೆ. ಬಿಡು. ಹೇಳಿದೋನು ನಾನು."

ಹಾಗೆ ದಿನ ನಡೆದವು. ವೆಬ್‌ಸೈಟಿನಲ್ಲಿ ಮತ್ತೆ ಬರೀ ಜಾಹೀರಾತು. ಓದುವವರು ಬಿಡಲಿಲ್ಲವಾದ್ದರಿಂದ ದಿನಸಿಗೆ ಸಾಕಾಗುವಷ್ಟು ಬರುತ್ತಿತ್ತು. ಬಾಡಿಗೆಗೆ ನಾನು ವಾರಕ್ಕೆ ಮೂರು ದಿನ ಮದುವೆಮನೆಗಳಿಗೆ ಹೋಳಿಗೆ ಮಾಡಿಕೊಡಲು ಹೋದೆ. ನಮ್ಮವರು ಒಂಬತ್ತೂವರೆಗೆ ಸರಿಯಾಗಿ ಬಂದು ಬೆಂಚಿನ ಮೇಲೆ ಕೂತು ಕಾಲು ಚಾಚುವರು. ಕೂತುಕೊಳ್ಳುವುದನ್ನು ಕಲಿತದ್ದು ಹಾಗೆ. "ಇವತ್ತು ಜನ ಜಾಸ್ತಿ, ಪಾಪ ಒಂದ್ ನಿಮಿಷ ಬಿಡುವಿಲ್ಲ," ಎನ್ನುವರು. ಅಥವಾ, "ಊಟಕ್ಕ್ ಬಿಟ್ರು," ಎಂದು ತಾವೂ ತಟ್ಟೆ ಹಾಕಿಕೊಳ್ಳುವರು. ಒಂದು ಮಂಗಳವಾರ ನೋವು ಬಂತು. ಹಬ್ಬದ ವ್ಯಾಪಾರಕ್ಕೆ ರಜಾ ದಿನವೂ ಕರೆಸಿದ್ದಾರೆ ಎಂದು ಆ ಅಂಗಡಿಯವರನ್ನು ಬೈದರು. ದ್ಯಾವಮ್ಮನನ್ನು ನಾವು ನೋಡಿರಲಿಲ್ಲ. ಮೂರನೆಯ ಸಲ ಫೋನು ಮಾಡಿರಲೂ ಇಲ್ಲ.

ಹಬ್ಬ ಮುಗಿದ ಮರುವಾರ ಒಂದು ಬುಧವಾರ, ಹನ್ನೊಂದು ಗಂಟೆಯ ಹೊತ್ತಿಗೆ, ಬೆಂಚಿನ ಮೇಲಿದ್ದವರು ನನ್ನನ್ನು ಕರೆದರು. ನಾನು ಸೀರೆಗೆ ಕೈ ಒರೆಸಿಕೊಂಡು ಹೋದೆ.

"ನಿಂತ್ಹೋಯ್ತು."

"ಏನು?"

"ನೋವು. ಇಷ್ಟ್ ಹೊತ್ತಿಗೆ ಬಿಡುವಿಲ್ಲ ಅವಳಿಗೆ."

ಊಟದ ಹೊತ್ತಾಯಿತು, ಮೂರು ಗಂಟೆಯಾಯಿತು, ಎಂಟಾಯಿತು. ಬರಲಿಲ್ಲ. ಮರುದಿನವೂ ಇಲ್ಲ. ಅವರು ಎದ್ದು ನೆಟ್ಟಗೆ ಓಡಾಡಿದರು, ಹಿತ್ತಲಿಗೆ ಹೋಗಿ ಬಂದರು, ಮಹಡಿ ಹತ್ತಿ ಇಳಿದರು. ಒಂದು ವರ್ಷದ ಹತ್ತಿರ ಹತ್ತಿರ ಅವರು ಮೆಟ್ಟಿಲು ಹತ್ತಿರಲಿಲ್ಲ. ನಾನು ಪಾಯಸ ಮಾಡಿದೆ. ಅವರು ಎರಡು ಚಮಚ ತಿಂದು ಬಟ್ಟಲು ಕೆಳಗಿಟ್ಟರು.

"ಬೇರೆ ಬೂಟು ತಗೊಂಡಿರ್ಬೇಕು ಬಿಡಿ," ಎಂದೆ.

"ಬೇರೆ ತಗೊಳ್ಳೋಳಾಗಿದ್ರೆ ಬೆಳಿಗ್ಗೆ ಹಾಕ್ಕೊಂಡು ಹೋಗ್ತಿದ್ಲು. ಹನ್ನೊಂದು ಗಂಟೆಗೆ ಯಾಕೆ ಬಿಚ್ತಾಳೆ?"

ಫೋನು ಮಾಡಿದೆ. ಪಕ್ಕದ ಮನೆಯವರು ಎತ್ತಿದರು. ಹಬ್ಬದ ವ್ಯಾಪಾರ ಮುಗಿದ ಮೇಲೆ ಅಂಗಡಿಯವರು ಬಾಗಿಲಿನವರನ್ನೆಲ್ಲ ತೆಗೆದರಂತೆ. ಬಂದವರು ಬಾಗಿಲನ್ನು ತಾವೇ ತಳ್ಳಿಕೊಂಡು ಬರಲಿ ಎಂದರಂತೆ. ದ್ಯಾವಮ್ಮ ಬೂಟನ್ನು ಅಲ್ಲೇ ಮೆಟ್ಟಿಲ ಮೇಲೆ ಕೂತು ಬಿಚ್ಚಿ, ಕೈಯಲ್ಲಿ ಹಿಡಿದುಕೊಂಡು ಬರಿಗಾಲಿನಲ್ಲಿ ಮನೆಗೆ ಬಂದರಂತೆ. ಈಗ ಕೆಲಸ ಹುಡುಕಲು ಹೋಗಿದ್ದಾರೆ. ಚಪ್ಪಲಿ ಹಾಕಿಕೊಂಡು.

ಇದನ್ನು ಹೇಳಿದಾಗ ನಮ್ಮವರು ತಲೆಯಾಡಿಸಿದರು. ಒಂಬತ್ತೂವರೆಗೆ ಬಂದು ಬೆಂಚಿನ ಮೇಲೆ ಕೂರುವುದನ್ನು ಮಾತ್ರ ಬಿಡಲಿಲ್ಲ. ಕಾಲು ಚಾಚಿ, ಅಂಗಾಲನ್ನೇ ನೋಡುತ್ತ, ಹತ್ತರವರೆಗೆ ಕಾಯುವರು. ಆಮೇಲೆ ಎದ್ದು ಒಳಗೆ ಹೋಗುವರು. ಹತ್ತೊಂಬತ್ತು ದಿನ ಹೀಗೆ ಕಳೆಯಿತು. ಜಿಪ್ ಕಾರ್ಖಾನೆಯ ಆ ಒಂದು ಸೈರನ್ನೂ ನಿಂತು ಹೋದದ್ದು ಆಗಲೇ.

ಇಪ್ಪತ್ತನೆಯ ದಿನ ಬೆಳಿಗ್ಗೆ ನಾನು ಇನ್ನೂ ಹಾಲು ತರಲು ಹೊರಟಿರಲಿಲ್ಲ, ಆರು ಗಂಟೆ ಇರಬೇಕು, ಕೋಣೆಯೊಳಗಿನಿಂದ "ಅಯ್ಯಯ್ಯೋ" ಎಂಬ ಸದ್ದು ಕೇಳಿಸಿತು. ಓಡಿ ಹೋದೆ. ಅವರು ಹಾಸಿಗೆಯ ಮೇಲೆ ಎದ್ದು ಕೂತು ಎರಡೂ ಕೈಯಿಂದ ಅಂಗಾಲು ಹಿಡಿದುಕೊಂಡಿದ್ದರು. ಕಣ್ಣಲ್ಲಿ ನೀರು. ಮುಖ ಅರಳಿತ್ತು.

"ಅವಳಿಗೆ ಕೆಲಸ ಸಿಕ್ತು ಕಣೇ," ಎಂದರು. "ಬೆಳಿಗ್ಗೆ ಪಾಳಿ. ಆಸ್ಪತ್ರೆ ಇರ್ಬೇಕು, ಇಲ್ಲಾಂದ್ರೆ ಕಾಲೇಜು."

ಮಹಡಿಯ ಮೇಲಿನಿಂದ ನೀಲಾ, ಏನಾಯಿತು ಎಂದು ಕೂಗಿ ಕೇಳಿದಳು. ನಮ್ಮವರು ಹಲ್ಲು ಕಚ್ಚಿಕೊಂಡು, ಬೆರಳೆತ್ತಿ, ಸುಮ್ಮನಿರಲು ನನಗೆ ಸನ್ನೆ ಮಾಡಿದರು. ಆ ಕಡೆಯವಳು ನಡೆಯುತ್ತಿದ್ದಾಳೋ ನಿಂತಿದ್ದಾಳೋ ಎಂದು ನೋಡುತ್ತಿದ್ದರು.